ವೆಬ್‌ಸೈಟಿನ ವಿಳಾಸ ಬದಲಾಗಿದೆ, ಉಪ್ಪಿನಕಾಯಿ ಅದೇ

ನಮ್ಮ ಪ್ರೀತಿಯ ಗ್ರಾಹಕರಿಗೆ ಸಾಗರದ ನಮ್ಮ ಉಪ್ಪಿನಕಾಯಿ ಸಂಘದಿಂದ ನಮಸ್ಕಾರ.

ನಮ್ಮ ಆನ್‌ಲೈನ್ ಅಂಗಡಿಯ ವಿಳಾಸ ಈ ತಿಂಗಳಿನಿಂದ ಬದಲಾಗಿದೆ. ಹೊಸ ವಿಳಾಸ ಈ ಸಲದ ಜಾಡಿಗಳ ಮುಚ್ಚಳದ ಮೇಲಿದೆ, ಬಿಲ್ಲಿನ ತಲೆಯಲ್ಲೂ ಇದೆ. ಹಳೆಯದನ್ನು ಇಲ್ಲಿ ಬರೆಯುವ ಹಾಗಿಲ್ಲ. ಇನ್ನು ಮುಂದೆ ಎಲ್ಲೂ ಬಳಸುವುದಿಲ್ಲ ಎಂದು ಸಹಿ ಹಾಕಿ ಕೊಟ್ಟಿದ್ದೇವೆ. ಆರ್ಡರ್ ಮಾಡಲು ಹೋಗಿ ಪುಟ ತೆರೆಯದೆ ಪರದಾಡಿದವರು ತುಂಬಾ ಜನ. ನಿಮಗೆ ಮೊದಲೇ ತಿಳಿಸಬೇಕಿತ್ತು, ತಿಳಿಸಲಿಲ್ಲ. ಅದು ನಮ್ಮದೇ ತಪ್ಪು. ಕ್ಷಮಿಸಿ.

ನಡೆದದ್ದು ಇಷ್ಟು. 2020ರಲ್ಲಿ ಮೇಳ, ಸಂತೆ ಎಲ್ಲ ನಿಂತಾಗ ಆತುರಾತುರವಾಗಿ ವೆಬ್‌ಸೈಟ್ ಮಾಡಿಸಿದ್ದು ನಿಮಗೆ ನೆನಪಿರಬಹುದು. ಸಂಘದ ಹೆಸರಿನ ವಿಳಾಸ ಆಗಲೇ ಯಾರದೋ ಕೈಯಲ್ಲಿತ್ತು. ಅದಕ್ಕೆ ನಮ್ಮ ಹೆಸರಿನ ಜೊತೆ, ಅಡುಗೆಮನೆಯಲ್ಲಿ ದಿನಾ ಬಾಯಿಗೆ ಬರುವ ಒಂದು ಪದ ಸೇರಿಸಿ 'ಡಾಟ್ ಇನ್' ವಿಳಾಸ ತೆಗೆದುಕೊಂಡೆವು. ಐದು ನಿಮಿಷದ ಕೆಲಸ. ಆ ಪದ ಒಂದು ಕಂಪನಿಯ ನೋಂದಾಯಿತ ಟ್ರೇಡ್‌ಮಾರ್ಕ್, ಅಂದರೆ ವ್ಯಾಪಾರದ ಗುರುತು ಆಗಿತ್ತು. ಅದೂ ಉಪ್ಪಿನಕಾಯಿಗೇ.

ಆ ಕಂಪನಿಯ ನೋಟಿಸ್ ಬಂದ ದಿನ ನಾವು ಮಾವಿನ ಮಿಡಿಗೆ ಉಪ್ಪು ಹಾಕುತ್ತಿದ್ದೆವು. ಅಪ್ಪೆಮಿಡಿಯ ಪರಿಮಳ ಇರುವುದೇ ಸೊನೆಯಲ್ಲಿ, ಆ ದಿನ ಕೈತುಂಬ ಸೊನೆ. ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು ಕರೆದರು. ಸೆರಗಿಗೆ ಕೈ ಒರೆಸಿಕೊಂಡು ಸಹಿ ಹಾಕಿ ಲಕೋಟೆ ತೆಗೆದುಕೊಂಡೆ. ಅದರ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಕಂದು ಕಲೆ ಹಾಗೇ ಉಳಿದಿದೆ. ಒಳಗೆ ಆರು ಪುಟ ಇಂಗ್ಲಿಷ್. ಹದಿನೈದು ದಿನದಲ್ಲಿ ವಿಳಾಸ ಬಿಟ್ಟುಕೊಡಿ, ಇಲ್ಲದಿದ್ದರೆ ಮುಂದಿನ ಕ್ರಮ ಎಂದಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಯಾರದೋ ವಸ್ತು ಕದ್ದವರಿಗೆ ಬರೆಯುವ ಧಾಟಿಯಲ್ಲಿ ನಮಗೆ ಯಾವತ್ತೂ ಯಾರೂ ಬರೆದಿರಲಿಲ್ಲ.

ಆಮೇಲೆ ಫೋನ್ ಮಾಡಿದ ನೀವೆಲ್ಲ ಹೆಚ್ಚುಕಮ್ಮಿ ಒಂದೇ ಮಾತು ಕೇಳಿದಿರಿ. 'ದುಡ್ಡು ಕಟ್ಟಿ ರಿಜಿಸ್ಟರ್ ಮಾಡಿಸಿದ್ದೀರಿ, ಪ್ರತಿವರ್ಷ ರಿನ್ಯೂ ಮಾಡಿದ್ದೀರಿ. ಅಂದ ಮೇಲೆ ಅದು ನಿಮ್ಮದೇ ಅಲ್ವಾ? ಹೆದರಿ ಯಾಕೆ ಬಿಟ್ಟುಕೊಟ್ರಿ?' ಮೈಸೂರಿನ ಒಬ್ಬ ಅಕ್ಕ ಇದನ್ನೇ ಮೂರು ಸಲ ಕೇಳಿದರು. ಕೇಳಿದ್ದು ನಮ್ಮ ಮೇಲಿನ ಪ್ರೀತಿಗೆ ಅಂತ ಗೊತ್ತು. ಫೋನಿನಲ್ಲಿ ಸರಿಯಾಗಿ ಹೇಳಲು ಆಗಿರಲಿಲ್ಲ. ಇಲ್ಲಿ ಹೇಳುತ್ತೇನೆ.

ನಾವೂ ಹಾಗೇ ಅಂದುಕೊಂಡಿದ್ದೆವು. ರಿಜಿಸ್ಟರ್ ಎಂಬ ಪದ ಕೇಳಿದರೆ ಸಬ್‌ರಿಜಿಸ್ಟ್ರಾರ್ ಆಫೀಸಿನ ಪತ್ರದ ಹಾಗೆ ಗಟ್ಟಿ ಅನ್ನಿಸುತ್ತದೆ. ಡೊಮೇನ್, ಅಂದರೆ ವೆಬ್‌ಸೈಟ್ ವಿಳಾಸದ ವಿಷಯದಲ್ಲಿ ಅದು ಹಾಗಲ್ಲ. ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಹಾಕುತ್ತೇವಲ್ಲ, ಹಾಗೆ. ಮೊದಲು ಹಾಕಿದವರಿಗೆ ಸೀಟು. ಆದರೆ ಆ ಸೀಟು ರಿಸರ್ವ್ ಆಗಿದ್ದರೆ, ಟಿಕೆಟ್ ಹಿಡಿದು ಬಂದವರಿಗೆ ಎದ್ದು ಕೊಡಬೇಕು. ಡೊಮೇನ್ ಮಾರುವವರು ಈ ಹೆಸರು ಬೇರೆಯವರ ಟ್ರೇಡ್‌ಮಾರ್ಕಾ ಎಂದು ನೋಡುವುದಿಲ್ಲ. ಖಾಲಿ ಇದೆಯಾ ಎಂದಷ್ಟೇ ನೋಡುತ್ತಾರೆ. ಬೇರೆಯವರ ಹಕ್ಕಿಗೆ ಧಕ್ಕೆ ಆಗುವುದಿಲ್ಲ ಎಂಬ ಹೊಣೆ ನಮ್ಮ ತಲೆಯ ಮೇಲೇ ಇರುತ್ತದೆ. ಕೆಳಗೆ 'ಒಪ್ಪಿಗೆ' ಎಂದು ಒತ್ತುತ್ತೇವಲ್ಲ, ಅದರಲ್ಲೇ ಅದು ಬರೆದಿರುತ್ತದೆ. ನಾವು ಓದದೆ ಒತ್ತಿದ್ದೆವು.

ಟ್ರೇಡ್‌ಮಾರ್ಕಿನ ದಾಖಲೆಯೇ ಬೇರೆ. ಅದನ್ನು ಕೇಂದ್ರ ಸರ್ಕಾರದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು. ಅಕ್ಷರ ಹೊಂದುತ್ತಾ ಅಂತಲೂ ನೋಡಬಹುದು, ಕಿವಿಗೆ ಒಂದೇ ಥರ ಕೇಳುತ್ತಾ ಅಂತಲೂ ನೋಡಬಹುದು. ಎರಡನೆಯದೇ ಮುಖ್ಯ. ಆ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಅವರು ಒಂದು 'ಎ' ಹಾಕಿದ್ದಾರೆ, ನಾವು ಎರಡು ಹಾಕಿದ್ದೆವು. ಅಷ್ಟು ವ್ಯತ್ಯಾಸ ಸಾಕು ಎಂದು ನಾನು ವಾದ ಮಾಡಿದೆ. ವಕೀಲರು ಎರಡನ್ನೂ ಗಟ್ಟಿಯಾಗಿ ಓದಿಸಿದರು. ಓದಿದ ಮೇಲೆ ನಾನೇ ಸುಮ್ಮನಾದೆ.

ಹೋರಾಡಬೇಕಿತ್ತು ಎಂದವರಿಗೆ ನಮ್ಮ ರಾಜ್ಯದಲ್ಲೇ ಶುರುವಾದ ಒಂದು ಕೇಸು ಹೇಳುತ್ತೇನೆ. ವಕೀಲರು ನಮಗೆ ಅದನ್ನೇ ಹೇಳಿದ್ದು. ಸತ್ಯಂ ಇನ್ಫೋವೇ ಕಂಪನಿಯವರು ತಮ್ಮ ಹೆಸರಿನ ಅಕ್ಷರಗಳಿಂದ 'ಸಿಫಿ' ಎಂಬ ಪದ ಕಟ್ಟಿ 1999ರಲ್ಲಿ ಡೊಮೇನ್ ಮಾಡಿಸಿದ್ದರು. 2001ರಲ್ಲಿ ಇನ್ನೊಬ್ಬರು ಒಂದು 'ಎಫ್' ಜಾಸ್ತಿ ಹಾಕಿ 'ಸಿಫ್ಫಿನೆಟ್' ಎಂದು ಶುರು ಮಾಡಿದರು. ಅದು ತಮ್ಮ ಐವರು ಪ್ರವರ್ತಕರ ಹೆಸರಿನ ಮೊದಲ ಅಕ್ಷರ ಸೇರಿಸಿ ಮಾಡಿದ್ದು ಎಂದು ವಾದಿಸಿದರು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ಆ ಹೆಸರು ಬಳಸದಂತೆ ತಡೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆಗೆಯಿತು. 2004ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪದೆ ತಡೆಯನ್ನು ಮತ್ತೆ ಜಾರಿ ಮಾಡಿತು. ಡೊಮೇನ್ ಹೆಸರನ್ನೂ ವ್ಯಾಪಾರದ ಗುರುತಿನ ಹಾಗೇ ಕಾಪಾಡಬೇಕು, ಜನ ಇವರೇ ಅವರು ಅಂದುಕೊಂಡು ಮೋಸಹೋಗಬಾರದು ಎಂದಿತು. ನಾವು ಆ ಪದ ಸೇರಿಸಿದ್ದಕ್ಕೂ ನಮ್ಮದೇ ಕಾರಣ ಇತ್ತು. ಅಷ್ಟರಿಂದಲೇ ಕೇಸು ಗೆಲ್ಲಲು ಆಗುವುದಿಲ್ಲ ಎಂದು ಇದರಿಂದ ಗೊತ್ತಾಯಿತು.

'ಡಾಟ್ ಇನ್' ಹೆಸರುಗಳ ತಕರಾರು ಕೋರ್ಟಿಗೇ ಹೋಗಬೇಕೆಂದಿಲ್ಲ. ಆ ಹೆಸರುಗಳನ್ನು ನೋಡಿಕೊಳ್ಳುವ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಒಬ್ಬ ಮಧ್ಯಸ್ಥರನ್ನು ನೇಮಿಸುತ್ತದೆ. ಹೆಸರು ಗೊಂದಲ ಆಗುವಷ್ಟು ಹೋಲುತ್ತದೆಯಾ, ನಮಗೆ ಅದರ ಮೇಲೆ ಹಕ್ಕಿದೆಯಾ, ಉದ್ದೇಶ ಕೆಟ್ಟದ್ದಾ ಎಂದು ಅವರು ನೋಡುತ್ತಾರೆ. 'ಡಾಟ್ ಕಾಮ್'ನಲ್ಲಾದರೆ ತೆಗೆದುಕೊಳ್ಳುವಾಗಲೂ ಬಳಸುವಾಗಲೂ ಉದ್ದೇಶ ಕೆಟ್ಟದ್ದಿತ್ತು ಎಂದು ತೋರಿಸಬೇಕು. 'ಡಾಟ್ ಇನ್'ಗೆ ಎರಡರಲ್ಲಿ ಒಂದು ಸಾಕು. ತೆಗೆದುಕೊಂಡಾಗ ನಮಗೆ ಗೊತ್ತಿರಲಿಲ್ಲ, ಅದು ದೇವರಾಣೆ ಸತ್ಯ. ಆದರೆ ನೋಟಿಸ್ ಕೈಗೆ ಬಂದ ಮೇಲೂ ಅದರಲ್ಲೇ ವ್ಯಾಪಾರ ಮಾಡಿದರೆ ಆ ಮಾತಿಗೆ ಬೆಲೆ ಎಲ್ಲಿ? ಸಭೆ ಸೇರಿ ಎರಡು ಗಂಟೆ ಮಾತಾಡಿದೆವು. ಬಿಟ್ಟುಕೊಡುವುದು ಎಂದು ಕೈ ಎತ್ತಿ ತೀರ್ಮಾನ ಮಾಡಿದೆವು. ಹೆದರಿದ್ದು ನಿಜ. ಆದರೆ ಬಿಟ್ಟದ್ದು ಅದು ನಮ್ಮದಲ್ಲ ಎಂದು ಗೊತ್ತಾದ್ದಕ್ಕೆ.

ಹಣ ಕಟ್ಟದೆ ಸುಮ್ನೆ ಬಿಟ್ಟಿದ್ದರೂ ವಿಳಾಸ ಹೋಗುತ್ತಿತ್ತು. ಹಾಗೆ ಮಾಡಲಿಲ್ಲ, ಬರೆದು ಆ ಕಂಪನಿಯ ಹೆಸರಿಗೆ ಮಾಡಿಕೊಟ್ಟೆವು. ಬಿದ್ದ ಡೊಮೇನನ್ನು ಯಾರು ಬೇಕಾದರೂ ಎತ್ತಿಕೊಂಡು, ನಮ್ಮದೇ ಫೋಟೋ ಹಾಕಿ, ತಮ್ಮ ಯುಪಿಐ ನಂಬರ್ ಕೊಟ್ಟು ನಿಮ್ಮಿಂದ ದುಡ್ಡು ಕೀಳಬಹುದಿತ್ತು. ಆ ಭಯ ನಮಗೆ ನೋಟಿಸಿಗಿಂತ ಜಾಸ್ತಿ ಇತ್ತು.

ಇನ್ನು ದರದ ಮಾತು. ಇದನ್ನು ಹೇಳದೆ ನನಗೆ ಸಮಾಧಾನ ಇಲ್ಲ. ಅರ್ಧ ಕೇಜಿ ಮಿಡಿ ಉಪ್ಪಿನಕಾಯಿಗೆ 20 ರೂಪಾಯಿ ಏರಿಸಿದ್ದೂ ಇದೇ ತಿಂಗಳು. 'ವಕೀಲರ ಫೀಸನ್ನು ಜಾಡಿಯ ಮೇಲೆ ಹಾಕಿದ್ದಾರೆ' ಎಂಬ ಮಾತು ಕಿವಿಗೆ ಬಿತ್ತು. ಲೆಕ್ಕ ನೋಡಿ. ಮಿಡಿ ಎಣಿಕೆಯ ಲೆಕ್ಕದಲ್ಲಿ ಬರುತ್ತದೆ. ಹೋದ ವರ್ಷ ನೂರಕ್ಕೆ 300 ಕೊಟ್ಟಿದ್ದೆವು, ಈ ವರ್ಷ 450. ಹೂ ಬಿಟ್ಟಾಗ ಮಳೆ ಬಂದು ಅರ್ಧ ಉದುರಿತು, ಹೊಳೆಬದಿಯ ಮರಗಳಲ್ಲೂ ಕಾಯಿ ಇಲ್ಲ. ಅರ್ಧ ಕೇಜಿ ಜಾಡಿಗೆ ಕಡಿಮೆ ಅಂದರೂ 25 ಮಿಡಿ ಬೇಕು. ಒಂದಕ್ಕೆ ಒಂದೂವರೆ ರೂಪಾಯಿ ಜಾಸ್ತಿ ಅಂದರೆ 37 ರೂಪಾಯಿ 50 ಪೈಸೆ. ನಾವು ಏರಿಸಿದ್ದು 20. ಬ್ಯಾಡಗಿ ಮೆಣಸಿನ ದರ ಇದರಲ್ಲಿ ಸೇರಿಲ್ಲ.

ವಕೀಲರಿಗೆ 18,000, ಹೊಸ ಲೇಬಲ್ಲಿಗೆ 14,000, ಟ್ರೇಡ್‌ಮಾರ್ಕ್ ಅರ್ಜಿಗೆ 9,000 ಆಯಿತು. ಒಟ್ಟು 41,000. ಇದರಲ್ಲಿ ಒಂದು ಪೈಸೆಯೂ ನಿಮ್ಮ ಜಾಡಿಗೆ ಬಂದಿಲ್ಲ. ಈ ವರ್ಷ ದೀಪಾವಳಿಗೆ ಹಂಚಿಕೊಳ್ಳಬೇಕಿದ್ದ ಹಣ ಅದು. ನಮ್ಮ ಹೆಣ್ಣುಮಕ್ಕಳು ಬೇಡ ಅಂದುಬಿಟ್ಟರು. ಮಿಡಿ ಒರೆಸುತ್ತಾ ಬೆರಳು ಸುಟ್ಟುಕೊಂಡವರ ಹಣ ಅದು, ಹಾಗಾಗಿ ಫೀಸನ್ನು ಜಾಡಿಯ ಮೇಲೆ ಹಾಕಿದ್ದಾರೆ ಎಂಬ ಮಾತು ಚುಚ್ಚಿತು.

ಆ 9,000 ಯಾಕೆ ಅಂದರೆ, ಈ ಸಲ ನಮ್ಮ ಹೆಸರನ್ನೇ ಭದ್ರ ಮಾಡಲು ಹೊರಟಿದ್ದೇವೆ. ಸಣ್ಣ ಉದ್ಯಮಗಳಿಗೆ ಕೊಡುವ ಉದ್ಯಮ್ ನೋಂದಣಿ ಇರುವುದರಿಂದ ಆನ್‌ಲೈನ್ ಅರ್ಜಿಗೆ ಸರಕಿನ ಒಂದು ವರ್ಗಕ್ಕೆ 4,500. ಉಪ್ಪಿನಕಾಯಿ 29ನೇ ವರ್ಗ, ಹಪ್ಪಳ ಮತ್ತು ಮಸಾಲೆ ಪುಡಿ 30ನೇ ವರ್ಗ. ಅರ್ಜಿ ಚೆನ್ನೈನ ಟ್ರೇಡ್‌ಮಾರ್ಕ್ ಕಚೇರಿಗೆ ಹೋಗಿದೆ. ಪರಿಶೀಲನೆ ಮುಗಿದು ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಬಂದ ಮೇಲೆ ನಾಲ್ಕು ತಿಂಗಳು ಯಾರಾದರೂ ಆಕ್ಷೇಪ ಹಾಕಬಹುದು. ಮಂಜೂರಾಗುವವರೆಗೆ ಹೆಸರಿನ ಪಕ್ಕ ಸಣ್ಣದಾಗಿ 'ಟಿಎಂ' ಎಂದಷ್ಟೇ ಇರುತ್ತದೆ. ನಮ್ಮ ಸ್ವಂತ ಹೆಸರಿಗೆ ಯಾರೂ ತಕರಾರು ಮಾಡಿಲ್ಲ. ಮೊದಲಿನಿಂದ ಬಳಸುತ್ತಾ ಬಂದವರಿಗೆ ಕಾನೂನಿನಲ್ಲೂ ರಕ್ಷಣೆ ಇದೆ. ಅದಕ್ಕೆ ಸಾಕ್ಷಿಯಾಗಿ ಅಟ್ಟದಿಂದ ಹಳೇ ಬಿಲ್ ಪುಸ್ತಕ ಇಳಿಸಿ, ಗೆದ್ದಲು ಹಿಡಿಯದವನ್ನು ಆರಿಸಿ ಇಟ್ಟಿದ್ದೇವೆ. ನಿಮ್ಮಲ್ಲಿ ಯಾರ ಬಳಿಯಾದರೂ ನಮ್ಮ ಹಳೆಯ ಬಿಲ್ಲು, ಲೇಬಲ್ಲು ಇದ್ದರೆ ಒಂದು ಫೋಟೋ ಕಳಿಸಿ. ತುಂಬಾ ಉಪಕಾರವಾಗುತ್ತದೆ.

ಹೊಸ ವಿಳಾಸದ ಜೊತೆ ಕನ್ನಡ ಅಕ್ಷರದಲ್ಲೇ '.ಭಾರತ' ವಿಳಾಸವನ್ನೂ ತೆಗೆದುಕೊಂಡಿದ್ದೇವೆ. ಈ ಸಲ ಎರಡಕ್ಕೂ ಮೊದಲು ಟ್ರೇಡ್‌ಮಾರ್ಕ್ ಹುಡುಕಿ, ವಕೀಲರಿಗೆ ತೋರಿಸಿಯೇ ದುಡ್ಡು ಕಟ್ಟಿದ್ದು.

ಕೆಲವರಿಗೆ ಹಳೆಯ ಲೇಬಲ್ಲಿನ ಮೇಲೆ ಪಟ್ಟಿ ಅಂಟಿಸಿದ ಜಾಡಿ ಬರುತ್ತದೆ. ಪಟ್ಟಿಯ ಕೆಳಗೆ ತಾರೀಕು ಬದಲಾಯಿಸಿದ್ದೀರಾ ಎಂದು ಒಬ್ಬರು ಕೇಳಿದರು. ಪಟ್ಟಿ ಇರುವುದು ವಿಳಾಸದ ಸಾಲಿನ ಮೇಲೆ ಮಾತ್ರ. ತಾರೀಕು ಬದಿಯಲ್ಲಿದೆ, ಅದನ್ನು ಮುಟ್ಟಿಲ್ಲ. ಅನುಮಾನ ಇದ್ದರೆ ಪಟ್ಟಿ ಕಿತ್ತು ನೋಡಿ, ಬೇಜಾರಿಲ್ಲ.

ಹಳೆಯ ಇಮೇಲಿಗೆ ಬರೆದರೆ ಇನ್ನು ನಮಗೆ ಸಿಗುವುದಿಲ್ಲ. ಹೋದ ತಿಂಗಳ ಕೊನೆಯ ವಾರದಲ್ಲಿ ಅದಕ್ಕೆ ಆರ್ಡರ್ ಕಳಿಸಿ ಉತ್ತರ ಬಾರದವರು ದಯವಿಟ್ಟು ಫೋನ್ ಮಾಡಿ. ನಂಬರ್ ಅದೇ, ಎತ್ತುವವಳೂ ನಾನೇ. ಬೆಳಿಗ್ಗೆ ಹತ್ತರ ಮೇಲೆ ಮಾಡಿದರೆ ಒಳ್ಳೆಯದು, ಅದಕ್ಕೂ ಮೊದಲು ಕೈ ಉಪ್ಪುನೀರಿನಲ್ಲಿರುತ್ತದೆ.

ನಿಮ್ಮ,
ಸಂಘದ ಕಾರ್ಯದರ್ಶಿ