ತಿದ್ದುಪಡಿಯ ನಂತರ ಮತ್ತೊಮ್ಮೆ ಅಳೆಯಬೇಕು

ಮಾನ್ಯ ಸಂಪಾದಕರೇ,

ಮನೆಯ ಧ್ವನಿ ವ್ಯವಸ್ಥೆಯಲ್ಲಿ ರೂಮ್ ಕರೆಕ್ಷನ್ ತಂತ್ರಾಂಶ (ಕೋಣೆಯಿಂದ ಧ್ವನಿಯಲ್ಲಾಗುವ ಏರುಪೇರನ್ನು ಮೈಕಿನಿಂದ ಅಳೆದು ತಿದ್ದುವಂಥದ್ದು) ಮಾಡುವ ಕೆಲಸವನ್ನು ವಿವರಿಸಿ ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯವನ್ನು ಕನ್ನಡದಲ್ಲಿ ತಿಳಿಯಾಗಿ ಬರೆಯುವವರು ಕಡಿಮೆ, ಹಾಗಾಗಿ ಲೇಖಕರಿಗೆ ಮೊದಲು ನನ್ನ ವಂದನೆಗಳು. ಆದರೆ ಲೇಖನದ ಜತೆ ಅಚ್ಚಾಗಿದ್ದ ಎರಡು ನಕ್ಷೆಗಳ ಬಗ್ಗೆ ನನಗೆ ಗಂಭೀರವಾದ ಆಕ್ಷೇಪವಿದೆ. ಗೆರೆ ನೇರವಾದಷ್ಟೂ ಧ್ವನಿ ಉತ್ತಮ ಎಂಬುದು ಲೇಖನದ ವಾದ. ಯಾವ ಆವೃತ್ತಿಯ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆಯ) ಧ್ವನಿ ಎಷ್ಟು ಜೋರಾಗಿದೆ ಎಂದು ತೋರಿಸುವ, 'ಮೊದಲು' ಎಂಬ ನಕ್ಷೆಯಲ್ಲಿ ಉಬ್ಬುತಗ್ಗುಗಳಿಂದ ತುಂಬಿದ್ದ ಗೆರೆ 'ನಂತರ' ಎಂಬ ನಕ್ಷೆಯಲ್ಲಿ ನಿಂತ ನೀರಿನಂತೆ ಸಮವಾಗಿತ್ತು. ಎರಡನ್ನೂ ತಂತ್ರಾಂಶದ ಪರದೆಯಿಂದಲೇ ತೆಗೆದದ್ದೆಂದು ಅಡಿಬರಹ ಹೇಳುತ್ತದೆ. ಇಂಥ ಬಹುತೇಕ ತಂತ್ರಾಂಶಗಳಲ್ಲಿ ಎರಡನೆಯ ಗೆರೆ ಮೈಕಿನಿಂದ ಬಂದದ್ದಾಗಿರುವುದಿಲ್ಲ. ಮೊದಲ ಅಳತೆಗೆ ತಾನು ಹಾಕಲಿರುವ ಫಿಲ್ಟರುಗಳನ್ನು (ಆಯ್ದ ಆವೃತ್ತಿಗಳನ್ನು ಏರಿಸುವ, ತಗ್ಗಿಸುವ ತಿದ್ದುಪಡಿಗಳನ್ನು) ಕೂಡಿಸಿ, ಹೀಗೆ ಬರಬೇಕು ಎಂದು ತಂತ್ರಾಂಶ ಬರೆದುಕೊಂಡ ನಿರೀಕ್ಷೆ ಅದು. ಅದನ್ನು ಫಲಿತಾಂಶವೆಂದು ಅಚ್ಚು ಮಾಡಿದರೆ ಓದುಗರು ತಪ್ಪು ತಿಳಿಯುತ್ತಾರೆ.

ಲೆಕ್ಕವೇ ಸುಳ್ಳೆಂದು ನಾನು ಹೇಳುತ್ತಿಲ್ಲ. ಮೈಕ್ ಒಂದೇ ಬಿಂದುವಿನಲ್ಲಿ ಕದಲದೆ ನಿಂತಿದ್ದು, ಸ್ಪೀಕರೂ ಆಂಪ್ಲಿಫೈಯರೂ ತಮ್ಮ ಶಕ್ತಿಯ ಮಿತಿಯೊಳಗೇ ದುಡಿಯುತ್ತಿದ್ದರೆ, ಯಾವುದಾದರೂ ಆವೃತ್ತಿಯನ್ನು 4 ಡೆಸಿಬೆಲ್ ತಗ್ಗಿಸಿದಾಗ ಆ ಬಿಂದುವಿನಲ್ಲಿ ಅದು 4 ಡೆಸಿಬೆಲ್ಲೇ ತಗ್ಗುತ್ತದೆ. ಆದರೆ ಮನೆಯಲ್ಲಿ ಆ ಷರತ್ತುಗಳು ಒಟ್ಟಿಗೆ ಕೂಡಿಬರುವುದು ಅಪರೂಪ. ತಂತ್ರಾಂಶ ಹಲವು ಜಾಗಗಳ ಅಳತೆಗಳ ಸರಾಸರಿಯನ್ನು ಹಿಡಿದು ಗೆರೆ ಎಳೆದಿರುತ್ತದೆ, ನಾವು ಕೂರುವುದು ಒಂದೇ ಜಾಗದಲ್ಲಿ. ಸಬ್‌ವೂಫರ್ (ತಗ್ಗು ಸ್ವರಗಳಿಗೆಂದೇ ಇರುವ ಸ್ಪೀಕರ್) ಮತ್ತು ಮುಖ್ಯ ಸ್ಪೀಕರುಗಳಿಗೆ ಬೇರೆ ಬೇರೆ ಫಿಲ್ಟರುಗಳನ್ನು ಹಾಕಿದ ಮೇಲೆ ಅವೆರಡೂ ಸಂಧಿಸುವ ಆವೃತ್ತಿಯ ಸುತ್ತ ಫೇಸ್, ಅಂದರೆ ತರಂಗಗಳ ಏರಿಳಿತದ ಹೊಂದಾಣಿಕೆ, ಬದಲಾಗಿ, ಒಂದನ್ನೊಂದು ಬಲಪಡಿಸಬೇಕಾದ ಧ್ವನಿಗಳು ಒಂದನ್ನೊಂದು ಕಳೆಯುವುದೂ ಉಂಟು. ಇವೆಲ್ಲ ತಿಳಿಯಬೇಕಾದರೆ ತಿದ್ದುಪಡಿ ಜಾರಿಯಲ್ಲಿರುವಾಗ ಬೇರೆ ಮೈಕ್, ಬೇರೆ ತಂತ್ರಾಂಶ ಹಿಡಿದು ಮತ್ತೆ ಅಳೆಯಬೇಕು.

ನನ್ನ ಅನುಭವವನ್ನು ಇಲ್ಲಿ ಹೇಳಬೇಕಾಗಿದೆ. ನಾನು ಕೇಳುವ ಕೋಣೆ 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರವಿದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಆದ್ದರಿಂದ, ಎದುರುಬದುರು ಗೋಡೆಗಳ ನಡುವೆ ಅರ್ಧ ತರಂಗ ಸರಿಯಾಗಿ ಹಿಡಿಸುವ ಆವೃತ್ತಿಗಳು ಇಲ್ಲಿ 34, 43 ಮತ್ತು 57 ಹರ್ಟ್ಸ್‌ಗಳ ಆಸುಪಾಸಿನಲ್ಲಿವೆ. ಈ ಆವೃತ್ತಿಗಳಲ್ಲಿ ಕೋಣೆಯೇ ಅನುನಾದಗೊಳ್ಳುತ್ತದೆ. ಮೃದಂಗದ ಎಡಭಾಗದ ಪೆಟ್ಟು ನಿಂತ ಮೇಲೂ ಕೋಣೆ ಗುಂಯ್‌ಗುಡುತ್ತಿದ್ದರೆ ಅದು ಸ್ಪೀಕರಿನ ದೋಷವಲ್ಲ, ಗೋಡೆಗಳ ಕೆಲಸ. ತಂತ್ರಾಂಶ ನಿಜವಾದ ಉಪಕಾರ ಮಾಡುವುದು ಇಲ್ಲಿಯೇ. ನನ್ನ ಮರು ಅಳತೆಯಲ್ಲಿ 43 ಹರ್ಟ್ಸಿನ ಉಬ್ಬು ಇಳಿದದ್ದು ಮಾತ್ರವಲ್ಲ, ಆ ನಾದ ಕ್ಷೀಣಿಸಲು ಹಿಡಿಯುತ್ತಿದ್ದ ಕಾಲವೂ ಕಡಿಮೆಯಾಗಿತ್ತು. ತಗ್ಗು ಆವೃತ್ತಿಯ ಅನುನಾದಗಳನ್ನು ಸರಿಯಾದ ಅಗಲದ ಫಿಲ್ಟರಿನಿಂದ ತಗ್ಗಿಸಿದಾಗ ಮಟ್ಟದ ಜತೆಗೆ ಅವುಗಳ ಬಾಲವೂ ಮೊಟಕಾಗುತ್ತದೆ ಎಂಬುದನ್ನು ಮೊದಲ ಬಾರಿ ಪರದೆಯ ಮೇಲೆ ಕಂಡಾಗ ನನಗಾದ ಸಂತೋಷ ಇನ್ನೂ ನೆನಪಿದೆ.

ಆದರೆ 107 ಹರ್ಟ್ಸಿನ ಬಳಿ ಕಥೆ ಬೇರೆಯಾಗಿತ್ತು. ತಂತ್ರಾಂಶದ ನಕ್ಷೆಯಲ್ಲಿ ಪೂರ್ತಿ ಮುಚ್ಚಿಹೋಗಿದ್ದ ಒಂದು ಆಳವಾದ ಹಳ್ಳ ನನ್ನ ಅಳತೆಯಲ್ಲಿ ಹೆಚ್ಚುಕಡಿಮೆ ಇದ್ದಂತೆಯೇ ಉಳಿದಿತ್ತು. ಕಾರಣ ಹುಡುಕಿದಾಗ ಲೆಕ್ಕ ಸರಳವಾಗಿಯೇ ಇತ್ತು. ಸ್ಪೀಕರಿನ ಮುಖ ಹಿಂದಿನ ಗೋಡೆಯಿಂದ 80 ಸೆಂಟಿಮೀಟರ್ ದೂರದಲ್ಲಿತ್ತು. ಗೋಡೆಗೆ ಹೋಗಿ ಮರಳುವ ಧ್ವನಿ 1.6 ಮೀಟರ್ ಹೆಚ್ಚು ದಾರಿ ಸವೆಸುತ್ತದೆ, 107 ಹರ್ಟ್ಸಿಗೆ ಅದು ಸರಿಯಾಗಿ ಅರ್ಧ ತರಂಗ, ಹಾಗಾಗಿ ನೇರ ಧ್ವನಿಯನ್ನು ಅದು ಅಳಿಸುತ್ತದೆ. ಇಂಥ ಹಳ್ಳಕ್ಕೆ ಎಷ್ಟು ಶಕ್ತಿ ಸುರಿದರೂ ಪ್ರತಿಫಲಿತ ಧ್ವನಿಯೂ ಅಷ್ಟೇ ಪ್ರಮಾಣದಲ್ಲಿ ಬೆಳೆಯುತ್ತದೆ. 10 ಡೆಸಿಬೆಲ್ ಏರಿಸಬೇಕಾದರೆ ಆಂಪ್ಲಿಫೈಯರ್ 10 ಪಟ್ಟು ಶಕ್ತಿ ಕೊಡಬೇಕು, 20 ಡೆಸಿಬೆಲ್ ಎಂದರೆ 100 ಪಟ್ಟು. ಆದ್ದರಿಂದಲೇ ಅನೇಕ ತಂತ್ರಾಂಶಗಳು ಏರಿಕೆಗೆ ಕಟ್ಟುನಿಟ್ಟಾದ ಮಿತಿ ಹಾಕಿಕೊಂಡಿರುತ್ತವೆ. ನಾನು ಕೊನೆಗೆ ಸ್ಪೀಕರುಗಳನ್ನು ಗೋಡೆಯಿಂದ 40 ಸೆಂಟಿಮೀಟರಿಗೆ ಸರಿಸಿದೆ. ಹಳ್ಳ ಸುಮಾರು 214 ಹರ್ಟ್ಸಿಗೆ ಜರುಗಿತು. ಆವೃತ್ತಿ ಏರಿದಂತೆ ಸ್ಪೀಕರ್ ಹಿಂಬದಿಗೆ ಚೆಲ್ಲುವ ಧ್ವನಿ ಕಡಿಮೆಯಾಗುವುದರಿಂದ ಅಲ್ಲಿ ಹಳ್ಳದ ಆಳವೂ ತಗ್ಗಿತು. ಯಾವ ಫಿಲ್ಟರೂ ಮಾಡಲಾಗದ ಕೆಲಸವನ್ನು ಒಂದು ಮೊಳಕ್ಕಿಂತ ಕಡಿಮೆ ಜರುಗಿಸಿದ್ದು ಮಾಡಿತು, ಮತ್ತೆ ಅಳೆಯದಿದ್ದರೆ ಇದು ನನಗೆ ತಿಳಿಯುತ್ತಲೇ ಇರಲಿಲ್ಲ.

ಲೇಖನದಲ್ಲಿ ಇನ್ನೊಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ಕೂರುವ ಜಾಗದಲ್ಲಿಟ್ಟ ಮೈಕ್ ಅಳೆಯುವುದು ಸ್ಪೀಕರಿನ ಫ್ರೀಕ್ವೆನ್ಸಿ ರೆಸ್ಪಾನ್ಸನ್ನಲ್ಲ (ಬೇರೆಬೇರೆ ಆವೃತ್ತಿಗಳನ್ನು ಅದು ಎಷ್ಟೆಷ್ಟು ಜೋರಾಗಿ ನುಡಿಸುತ್ತದೆ ಎಂಬುದನ್ನಲ್ಲ), ಸ್ಪೀಕರೂ ಕೋಣೆಯೂ ಕೂಡಿದ ಮೊತ್ತವನ್ನು. ಕೋಣೆಯ ಅನುನಾದಗಳು ಬಿಡಿಬಿಡಿಯಾಗಿ ಕಾಣುವ ವಲಯ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಧ್ವನಿವಿಜ್ಞಾನಿ ಮ್ಯಾನ್‌ಫ್ರೆಡ್ ಶ್ರೋಡರ್ ಅವರ ಹೆಸರಿನ ಸೂತ್ರವಿದೆ: ಅನುರಣನದ ಕಾಲವನ್ನು (ಧ್ವನಿ ನಿಂತ ಮೇಲೆ ಕೋಣೆಯಲ್ಲಿ ಅದು ಕ್ಷೀಣಿಸಲು ಹಿಡಿಯುವ ಸೆಕೆಂಡುಗಳನ್ನು) ಕೋಣೆಯ ಘನ ಅಳತೆಯಿಂದ ಭಾಗಿಸಿ, ವರ್ಗಮೂಲ ತೆಗೆದು, 2000ದಿಂದ ಗುಣಿಸಬೇಕು. 60 ಘನ ಮೀಟರಿನ ನನ್ನ ಕೋಣೆಗೆ ಅನುರಣನ 0.4 ಸೆಕೆಂಡ್ ಎಂದು ಹಿಡಿದರೆ ಅದು ಸುಮಾರು 163 ಹರ್ಟ್ಸ್ ಆಗುತ್ತದೆ. ಅದರ ಕೆಳಗೆ ಕೋಣೆಯದ್ದೇ ಆಳ್ವಿಕೆ. ಮೇಲೆ ಹೋದಂತೆ ಸ್ಪೀಕರಿನ ಸ್ವಂತ ಗುಣವೇ ಹೆಚ್ಚು ಕೇಳಿಸುತ್ತದೆ. ಮೈಕಿಗೆ ನೇರ ಧ್ವನಿ ಮತ್ತು ಪ್ರತಿಫಲನಗಳ ಭೇದ ತಿಳಿಯದು, ಎಲ್ಲವನ್ನೂ ಕೂಡಿಸಿಬಿಡುತ್ತದೆ. ನಮ್ಮ ಎರಡು ಕಿವಿಗಳು ಮೊದಲು ಬಂದದ್ದನ್ನೂ ನಂತರ ಬಂದದ್ದನ್ನೂ ಬೇರೆಬೇರೆಯಾಗಿ ತೂಗುತ್ತವೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ದಶಕಗಳ ಕಾಲ ಈ ವಿಷಯದಲ್ಲಿ ದುಡಿದ ಫ್ಲಾಯ್ಡ್ ಟೂಲ್ ಒತ್ತಿ ಹೇಳುತ್ತ ಬಂದಿರುವುದು ಇದನ್ನೇ. ಸ್ಪೀಕರಿನ ನೇರ ಧ್ವನಿ ಸಮವಾಗಿದ್ದರೂ ಕೋಣೆಯ ಮೊತ್ತದಲ್ಲಿ ಕಂಡ ಚಿಕ್ಕ ಏರಿಳಿತವನ್ನು ತಿದ್ದಲು ಹೋದರೆ, ಒಳ್ಳೆಯ ಸ್ಪೀಕರನ್ನು ನಾವೇ ಕೆಡಿಸಿದಂತಾಗುತ್ತದೆ. 10,000 ಹರ್ಟ್ಸಿನಲ್ಲಿ ತರಂಗದ ಉದ್ದ ಕೇವಲ 3.4 ಸೆಂಟಿಮೀಟರ್, ತಲೆ ಅಷ್ಟು ಸರಿದರೆ ಅಲ್ಲಿನ ಸೂಕ್ಷ್ಮ ಗೆರೆಯೆಲ್ಲ ಬದಲಾಗುತ್ತದೆ.

ಇದು ಬರಿಯ ತರ್ಕವಲ್ಲ. ಧ್ವನಿ ಸಂಶೋಧಕ ಶಾನ್ ಆಲಿವ್ ಮತ್ತು ಸಂಗಡಿಗರು 2009ರಲ್ಲಿ ಹಲವು ರೂಮ್ ಕರೆಕ್ಷನ್ ಉತ್ಪನ್ನಗಳನ್ನು ತರಬೇತಾದ ಕೇಳುಗರ ಮುಂದೆ, ಹೆಸರು ಮರೆಮಾಡಿ ಹೋಲಿಸಿದಾಗ, ಕೆಲವು ಸ್ಪಷ್ಟವಾಗಿ ಮೆಚ್ಚುಗೆ ಪಡೆದವು, ತಿದ್ದುಪಡಿಯೇ ಇಲ್ಲದ ಸ್ಥಿತಿಗಿಂತ ಕಡಿಮೆ ಅಂಕ ಪಡೆದದ್ದೂ ಇತ್ತು. ಮೆಚ್ಚುಗೆ ಪಡೆದವುಗಳ ಅಳತೆ ಪೂರ್ತಿ ಸಮತಟ್ಟಾಗಿರಲಿಲ್ಲ, ತಗ್ಗು ಸ್ವರದಿಂದ ಮೇಲಕ್ಕೆ ಹೋದಂತೆ ನಯವಾಗಿ ಇಳಿಯುತ್ತಿತ್ತು. ಆದ್ದರಿಂದ ಗೆರೆ ನೇರವಾದಷ್ಟೂ ಧ್ವನಿ ಉತ್ತಮ ಎಂಬ ಲೇಖನದ ಮಾತನ್ನು ನಾನು ಒಪ್ಪಲಾರೆ. ತಂತ್ರಾಂಶ ಯಾವ ಗುರಿಯನ್ನು ಇಟ್ಟುಕೊಂಡಿದೆ ಎಂಬುದನ್ನೂ ಅರಿತಿರಬೇಕು. ಉದಾಹರಣೆಗೆ, ಆಡಿಸ್ಸಿ ಎಂಬ ರೂಮ್ ಕರೆಕ್ಷನ್ ತಂತ್ರಾಂಶದ ಗುರಿಗೆರೆಯಲ್ಲಿ 2,000 ಹರ್ಟ್ಸಿನ ಸುತ್ತ ಬೇಕೆಂದೇ ಇಟ್ಟ ತಗ್ಗೊಂದಿದೆ. ಅಳೆದಾಗ ಅದು ಕಂಡರೆ ತಂತ್ರಾಂಶ ಸೋತಿತೆಂದು ತಿಳಿಯಬಾರದು.

ಮರು ಅಳತೆ ಕಷ್ಟದ ಕೆಲಸವಲ್ಲ. ರೂಮ್ ಈಕ್ಯೂ ವಿಝರ್ಡ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ, ಎಲ್ಲ ದಿಕ್ಕಿನಿಂದಲೂ ಧ್ವನಿ ಹಿಡಿಯುವ ಅಳತೆ ಮೈಕೊಂದು ಬೇಕು. ಎಚ್ಚರ ಬೇಕಾದದ್ದು ವಿವರಗಳಲ್ಲಿ. ಮೈಕನ್ನು ಸ್ಪೀಕರಿನತ್ತ ತಿರುಗಿಸಿದರೆ ಒಂದು ಕ್ಯಾಲಿಬ್ರೇಶನ್ ಕಡತ (ಮೈಕಿನ ಸ್ವಂತ ದೋಷವನ್ನು ಕಳೆಯುವ ಪಟ್ಟಿ), ಮೇಲ್ಛಾವಣಿಯತ್ತ ತಿರುಗಿಸಿದರೆ ಇನ್ನೊಂದು. ಅದಲುಬದಲಾದರೆ ಹೆಚ್ಚು ಆವೃತ್ತಿಗಳಲ್ಲಿ ಇಲ್ಲದ ಏರಿಳಿತ ಕಾಣುತ್ತದೆ. ಅಳತೆಯ ನಾದ ರಿಸೀವರಿನ (ತಿದ್ದುಪಡಿ ಮಾಡಿ ಸ್ಪೀಕರುಗಳನ್ನು ನಡೆಸುವ ಪೆಟ್ಟಿಗೆಯ) ತಿದ್ದುಪಡಿಯ ಹಾದಿಯಿಂದಲೇ ಹೋಗುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಕೆಲವು 'ಡೈರೆಕ್ಟ್' ವಿಧಾನಗಳಲ್ಲಿ ತಿದ್ದುಪಡಿ ಬದಿಗೆ ಸರಿದಿರುತ್ತದೆ, ಆಗ ನಾವು ಏನನ್ನೂ ಹೋಲಿಸದೆ ಹೋಲಿಸಿದೆವೆಂದು ನಂಬುತ್ತೇವೆ. ಮೈಕನ್ನು ಅಲ್ಲಾಡಿಸದೆ ತಿದ್ದುಪಡಿ ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ ಅಳೆಯುವುದು, ಬಳಿಕ ತಲೆಯ ಸುತ್ತಲಿನ ಹಲವು ಜಾಗಗಳಲ್ಲಿ ಅದನ್ನೇ ಮಾಡುವುದು ಒಳ್ಳೆಯ ಕ್ರಮ. ಕೇಳಿ ಹೋಲಿಸುವುದಾದರೆ ಎರಡೂ ಸ್ಥಿತಿಗಳ ಜೋರನ್ನು ಸಮ ಮಾಡಿಕೊಳ್ಳಬೇಕು. ತುಸು ಜೋರಾಗಿರುವುದನ್ನೇ ಉತ್ತಮವೆಂದು ಕಿವಿ ಒಪ್ಪಿಬಿಡುತ್ತದೆ, ತಿದ್ದುಪಡಿಯಾದರೋ ಒಟ್ಟು ಮಟ್ಟವನ್ನು ಬದಲಿಸಿರುವ ಸಾಧ್ಯತೆ ಹೆಚ್ಚು.

ನಕ್ಷೆಯ ಬಗ್ಗೆಯೂ ಒಂದು ಮಾತು. ಒಂದೇ ಅಳತೆಯನ್ನು ಆಕ್ಟೇವಿನ (ಆವೃತ್ತಿ ಇಮ್ಮಡಿಯಾಗುವ ಅಂತರದ) ಮೂರನೇ ಒಂದು ಭಾಗದ ಸರಾಸರಿಯಲ್ಲಿ ತೋರಿಸಿದರೆ ಗೆರೆ ನಯವಾಗಿ ಕಾಣುತ್ತದೆ, 48ನೇ ಒಂದು ಭಾಗದಲ್ಲಿ ತೋರಿಸಿದರೆ ಮುಳ್ಳುಮುಳ್ಳಾಗಿ ಕಾಣುತ್ತದೆ. ಲಂಬ ರೇಖೆಯ ಮೇಲೆ 100 ಡೆಸಿಬೆಲ್ ತುಂಬಿದರೆ ದೊಡ್ಡ ಹಳ್ಳವೂ ಗೀರಿನಂತಾಗುತ್ತದೆ. ನೀವು ಅಚ್ಚು ಮಾಡಿದ ನಕ್ಷೆಗಳಲ್ಲಿ ಈ ಯಾವ ವಿವರವೂ ಇರಲಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟು: ಇಂಥ ಉತ್ಪನ್ನಗಳ ಬಗ್ಗೆ ಮುಂದೆ ಬರೆಯುವಾಗ 'ನಂತರ'ದ ನಕ್ಷೆಯನ್ನು ಸ್ವತಂತ್ರವಾಗಿ ಅಳೆದು ಪ್ರಕಟಿಸಿ, ಮೈಕ್ ಇದ್ದ ಜಾಗಗಳ ಸಂಖ್ಯೆ, ಸರಾಸರಿಯ ಪ್ರಮಾಣ ಮತ್ತು ಲಂಬ ರೇಖೆಯ ವ್ಯಾಪ್ತಿಯನ್ನು ಅಡಿಬರಹದಲ್ಲಿ ಕೊಡಿ. ಅಳೆಯಲು ಸಾಧ್ಯವಾಗದಿದ್ದಲ್ಲಿ ಆ ಗೆರೆಯ ಪಕ್ಕ 'ತಂತ್ರಾಂಶದ ಲೆಕ್ಕಾಚಾರ' ಎಂಬ ಎರಡು ಪದಗಳನ್ನಾದರೂ ಸೇರಿಸಬೇಕೆಂದು ಕೋರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಓರ್ವ ಓದುಗ