ಪುಟ್ಟಿಗೆ, ಗೊತ್ತಿಲ್ಲ ಎನ್ನುವ ಭಯದ ಬಗ್ಗೆ

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ತಾಂತ್ರಿಕ ಬರವಣಿಗೆಯ, ಅಂದರೆ ಯಂತ್ರ, ಸಾಫ್ಟ್‌ವೇರ್ ಬಳಸುವವರಿಗೆ ಕೈಪಿಡಿ ಬರೆಯುವುದರ, ಕೋರ್ಸ್ ಸೇರುವ ಯೋಚನೆಯ ನಿನ್ನ ಕಾಗದ ಓದಿದೆ. ಮಿಕ್ಕದ್ದೆಲ್ಲ ಇರಲಿ. ಕಾಗದದ ಕೊನೆಗೆ ಬರೆದಿದ್ದೀಯಲ್ಲ, "ಸಾಹಿತ್ಯ ಓದಿದ ನಾನು ಯಂತ್ರ, ಸಾಫ್ಟ್‌ವೇರ್ ಬಗ್ಗೆ ಏನಂತ ಬರೆಯಲಿ, ಮೊದಲ ವಾರವೇ ಸಿಕ್ಕಿಬೀಳುತ್ತೇನೆ" ಅಂತ, ಆ ಸಾಲು ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ಕೈಪಿಡಿಗಳಲ್ಲಿ ಇಂಥ ಸಾಲುಗಳು ಸಿಗುತ್ತವೆ: "4. ಮುಚ್ಚಳ ತೆಗೆಯಿರಿ. 5. ಮುಚ್ಚಳ ತೆಗೆಯುವ ಮೊದಲು ಕರೆಂಟ್ ಆಫ್ ಆಗಿರಬೇಕು." ಓದುವವರು ಒಂದೊಂದೇ ಸಾಲು ಓದಿ ಮಾಡುತ್ತಾ ಹೋಗುತ್ತಾರೆ. 5ಕ್ಕೆ ಬರುವಷ್ಟರಲ್ಲಿ ಕೈ ಒಳಗಿರುತ್ತದೆ. ಹೀಗೆ ಬರೆಯುವವರು ಯಂತ್ರವನ್ನು ಅರೆದು ಕುಡಿದವರೇ. ಕರೆಂಟ್ ತೆಗೆಯುವುದು ಹೇಳಬೇಕಾದ ಮಾತು ಅಂತ ಅವರಿಗೆ ಅನ್ನಿಸಿಯೇ ಇರುವುದಿಲ್ಲ, ಆಮೇಲೆ ನೆನಪಾಗಿ ಸೇರಿಸಿರುತ್ತಾರೆ. "ಕರೆಂಟ್ ಇರುವಾಗಲೇ ತೆಗೆಯಬಹುದಾ?" ಅಂತ ಕೇಳುವುದು ಗೊತ್ತಿಲ್ಲದ ನೀನು. 5ನೇ ಸಾಲು ಮೇಲಕ್ಕೆ ಬರುವುದು ಆ ಪ್ರಶ್ನೆಯಿಂದ. ಇಂಥದ್ದನ್ನು ಕೇಳಲು ನಾನು ನಾಚಿಕೊಂಡು ಸುಮ್ಮನಿದ್ದದ್ದಕ್ಕೆ ನನಗೆ ಈಗಲೂ ಬೇಸರವಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾಗಿ ಕೋರ್ಸ್ ಆರಿಸುವಾಗ, ನನ್ನ ಮಾತು ಹೆಚ್ಚಾಯಿತು ಅನ್ನಿಸಿದರೆ ಬಿಡು, ಪಠ್ಯಪಟ್ಟಿಯಲ್ಲಿ ಎರಡನ್ನು ಹುಡುಕು. ಒಂದು, ಇಂಜಿನಿಯರುಗಳ ಮುಂದೆ ಕೂತು ಪ್ರಶ್ನೆ ಕೇಳಿ ಬರೆಯುವ ಅಭ್ಯಾಸ. ಇನ್ನೊಂದು ಬಳಕೆ ಪರೀಕ್ಷೆ: ನೀನು ಬರೆದದ್ದನ್ನು ಐದು ಜನರ ಕೈಗೆ ಕೊಟ್ಟು, ಬಾಯಿ ಬಿಡದೆ, ಅವರು ಎಲ್ಲಿ ತಡವರಿಸುತ್ತಾರೆ ಅಂತ ಗುರುತು ಹಾಕಿಕೊಳ್ಳುವುದು. ಇವೆರಡೂ ಇಲ್ಲದೆ ಬರೀ ಸಿದ್ಧಾಂತವೇ ತುಂಬಿರುವ ಕಡೆ ನಿನ್ನ ಭಯ ಎರಡು ವರ್ಷವಾದರೂ ಹಾಗೇ ಉಳಿಯುತ್ತದೆ.

ಕೋರ್ಸಿನ ಕೊನೆಗೆ ಕೊಡಬೇಕಾದದ್ದು ಪ್ರಬಂಧವೋ ಪೋರ್ಟ್‌ಫೋಲಿಯೋವೋ, ಅಂದರೆ ಮಾಡಿದ ಕೆಲಸಗಳ ಸಂಗ್ರಹವೋ, ಅಂತಲೂ ಕೇಳು. ಮುಂದೆ ಪಿಎಚ್‌ಡಿ ಮಾಡುವುದಾದರೆ ಪ್ರಬಂಧ. ಕೆಲಸಕ್ಕಾದರೆ ಪೋರ್ಟ್‌ಫೋಲಿಯೋ, ಅದೂ ನಿಜವಾದ ಸಂಸ್ಥೆಯೊಂದಕ್ಕೆ ಮಾಡಿಕೊಟ್ಟ ಕೆಲಸವಿದ್ದರೆ ಒಳ್ಳೆಯದು. ಈಚೆಗೆ ಮುಗಿಸಿದ ಇಬ್ಬರು ಮೂವರದು ತೋರಿಸಿ ಅಂದರೆ ಒಳ್ಳೆಯ ವಿಭಾಗದವರು ತಪ್ಪು ತಿಳಿಯುವುದಿಲ್ಲ. ಡಿಟಾ (ಕೈಪಿಡಿಯನ್ನು ಬಿಡಿಬಿಡಿ ಭಾಗಗಳಾಗಿ ಬರೆದು ಜೋಡಿಸುವ ಪದ್ಧತಿ), ಮಾರ್ಕ್‌ಡೌನ್ (ಸರಳ ಗುರುತುಗಳಿಂದ ಬರಹಕ್ಕೆ ರೂಪ ಕೊಡುವ ರೀತಿ), ಗಿಟ್ (ಕಡತದಲ್ಲಿ ಆದ ಬದಲಾವಣೆಗಳ ದಾಖಲೆ ಇಡುವ ಸಾಧನ), ಈ ಹೆಸರು ಕೇಳಿ ಹೆದರಬೇಡ. ಡಿಟಾದ ಮೂಲ ಲೆಕ್ಕ ಇಷ್ಟೇ: ವಿವರಣೆ ಬೇರೆ, ಮಾಡುವ ಕ್ರಮ ಬೇರೆ, ಹುಡುಕಿ ನೋಡುವ ಮಾಹಿತಿ ಬೇರೆ. ಪದ್ಯವನ್ನೂ ಗದ್ಯವನ್ನೂ ಬೇರೆಬೇರೆಯಾಗಿ ಓದಲು ಬಲ್ಲ ನಿನಗೆ ಅದು ಕಷ್ಟವಲ್ಲ.

ಇನ್ನೊಂದು, ಸಣ್ಣದು. ಅಮೆರಿಕದ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಷನ್, ಅಂದರೆ ತಾಂತ್ರಿಕ ಬರಹಗಾರರ ಸಂಘ, 2025ರ ಜನವರಿಯಲ್ಲಿ ಮುಚ್ಚುವುದಾಗಿ ಪ್ರಕಟಿಸಿತು. ಅದರ ಸದಸ್ಯತ್ವ ಸಿಗುತ್ತದೆ ಅಂತ ಈಗಲೂ ಹೇಳಿಕೊಳ್ಳುವ ವಿಭಾಗ ತನ್ನ ಮಾಹಿತಿಯನ್ನೇ ತಿದ್ದಿಕೊಂಡಿಲ್ಲ. ತಿದ್ದುವುದನ್ನು ಕಲಿಸಬೇಕಾದವರು ಅವರೇ.

ಅರ್ಜಿ ಹಾಕುವ ಮೊದಲು ನಿನಗೆ ಏನೇನೂ ಗೊತ್ತಿಲ್ಲದ ಉಪಕರಣ ಒಂದನ್ನು ಹಿಡಿ. ಬಲ್ಲವರನ್ನು ಕೇಳಿ ಒಂದೇ ಹಾಳೆಯಲ್ಲಿ ಕ್ರಮ ಬರೆ, ಬೇರೊಬ್ಬರಿಗೆ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂರು. ಅವರು ನಿಂತುಹೋದ ಕಡೆ ಕೆಂಪು ಗೆರೆ ಎಳೆದು ಆ ಹಾಳೆಯನ್ನು ನನಗೆ ಕಳಿಸು. ಚೊಕ್ಕ ಮಾಡಬೇಡ, ಗೆರೆಗಳು ಹಾಗೇ ಇರಲಿ.

ಇಂತಿ,
ನಿನ್ನ ಚಿಕ್ಕಮ್ಮ