ಹಿಮಕ್ಕೂ ಮಂಜುಗಡ್ಡೆಗೂ ವ್ಯತ್ಯಾಸವಿದೆ

ಮಾನ್ಯ ಸಂಪಾದಕರೇ,

ಡಿಸೆಂಬರ್ ತಿಂಗಳ ನಿಮ್ಮ ಭಾನುವಾರದ ಪುರವಣಿಯಲ್ಲಿ ಕೆನಡಾದ ಒಟ್ಟಾವಾ ನಗರದ ರಿಡೋ ಕಾಲುವೆಯ ಚಿತ್ರವೊಂದು ಅರ್ಧ ಪುಟದಷ್ಟು ಅಚ್ಚಾಗಿತ್ತು. ಕೆಳಗಿನ ಒಕ್ಕಣೆ ಹೀಗಿತ್ತು: ‘ಚಳಿಗಾಲ ಬಂತೆಂದರೆ ಇಲ್ಲಿ ಕಾಲುವೆ ತಾನಾಗಿಯೇ ಹಿಮವಾಗುತ್ತದೆ, ಜನ ಹಿಮದ ಮೇಲೆ ಜಾರುತ್ತಾ ಕಚೇರಿಗೆ ಹೋಗುತ್ತಾರೆ.’ ಕಚೇರಿಗೆ ಹೋಗುವ ಮಾತು ನಿಜ. ಬೆನ್ನಿಗೆ ಚೀಲ ಏರಿಸಿಕೊಂಡು, ಸೇತುವೆಗಳ ಕೆಳಗೆ ತಲೆ ತಗ್ಗಿಸದೆ ಸುಯ್ಯನೆ ಸಾಗುವ ಗುಮಾಸ್ತರನ್ನು ನಾನು ಎಷ್ಟೋ ಬೆಳಿಗ್ಗೆ ಕಂಡಿದ್ದೇನೆ. ನನ್ನ ತಕರಾರು ಇರುವುದು ‘ಹಿಮ’ ಎಂಬ ಪದದ ಬಗ್ಗೆ. ಅದಕ್ಕಿಂತ ಹೆಚ್ಚಾಗಿ ‘ತಾನಾಗಿಯೇ’ ಎಂಬ ಪದದ ಬಗ್ಗೆ.

ಈ ತಕರಾರು ಎತ್ತಲು ನನಗೇನು ಅಧಿಕಾರ ಎಂದು ಕೇಳಬಹುದು. ನಾನು ಈ ಊರಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಹಗಲು ತೆರಿಗೆ ಲೆಕ್ಕ ಬರೆಯುತ್ತೇನೆ. ಜನವರಿ, ಫೆಬ್ರುವರಿಯ ರಾತ್ರಿಗಳಲ್ಲಿ ನಮ್ಮ ಬಡಾವಣೆಯ ಉದ್ಯಾನದಲ್ಲಿ ನೀರು ಹಾಯಿಸುತ್ತೇನೆ. ಒಟ್ಟಾವಾದಲ್ಲಿ ಬಯಲು ಸ್ಕೇಟಿಂಗ್ ಅಂಗಳಗಳು ಇನ್ನೂರಕ್ಕೂ ಹೆಚ್ಚಿವೆ. ನಗರಾಡಳಿತ ನೀರನ್ನೂ ಒಂದಿಷ್ಟು ಹಣವನ್ನೂ ಕೊಡುತ್ತದೆ. ಬಹಳಷ್ಟು ಕಡೆ ಮೈಮುರಿದು ದುಡಿಯುವವರು ಅಕ್ಕಪಕ್ಕದ ಮನೆಗಳವರೇ. ನಮ್ಮ ತಂಡದಲ್ಲಿ ಐದು ಜನ. ಒಬ್ಬರು ಬಸ್ ಚಾಲಕರು, ಒಬ್ಬರು ದಾದಿ, ಒಬ್ಬ ಕಾಲೇಜು ಹುಡುಗ, ಎಪ್ಪತ್ತು ದಾಟಿದ ಹಿರಿಯರೊಬ್ಬರು ಮತ್ತು ನಾನು. ನನಗೆ ಸ್ಕೇಟಿಂಗ್ ಅಷ್ಟಕ್ಕಷ್ಟೇ. ಮಕ್ಕಳು ನನ್ನನ್ನು ಕಂಡರೆ ದಾರಿ ಬಿಟ್ಟುಕೊಡುತ್ತಾರೆ. ಆದರೆ ಮಂಜುಗಡ್ಡೆ ಮಾಡುವುದು ಗೊತ್ತು.

ಹಿಮ ಎಂದರೆ ಆಕಾಶದಿಂದ ಉದುರುವುದು, ಹತ್ತಿಯಷ್ಟು ಹಗುರ, ಒಳಗೆಲ್ಲ ಗಾಳಿ. ಅದರ ಮೇಲೆ ಸ್ಕೀ ಕಟ್ಟಿಕೊಂಡು ಜಾರಬಹುದು. ಸ್ಕೇಟ್‌ನ ಅಲಗು ಇಳಿಸಿದರೆ ಮಣ್ಣಿಗೆ ನೆಟ್ಟ ಗುದ್ದಲಿಯಂತೆ ಅಲ್ಲೇ ಹೂತುಕೊಳ್ಳುತ್ತದೆ. ಮಂಜುಗಡ್ಡೆಯಾದರೋ ನೀರು ಹೆಪ್ಪುಗಟ್ಟಿ ಆದದ್ದು. ಎರಡೂ ಒಂದೇ ನೀರಿನ ಮಕ್ಕಳಾದರೂ ದಾಯಾದಿಗಳು. ಹೊಸ ಮಂಜುಗಡ್ಡೆಯ ಮೇಲೆ ಒಂದು ಗೇಣು ಹಿಮ ಬಿತ್ತೆನ್ನಿ. ಒಳಗಿರುವ ಗಾಳಿಯಿಂದಾಗಿ ಅದು ಕಂಬಳಿಯ ಕೆಲಸ ಮಾಡುತ್ತದೆ. ಮೇಲೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ ಕೊರೆಯುತ್ತಿದ್ದರೂ ಕೆಳಗಿನ ನೀರು ಬೆಚ್ಚಗೆ ಮಲಗಿರುತ್ತದೆ, ಮಂಜುಗಡ್ಡೆ ದಪ್ಪವಾಗುವುದು ನಿಧಾನವಾಗುತ್ತದೆ. ಕಾಲುವೆಯಲ್ಲಾದರೆ ಹಿಮದ ಭಾರಕ್ಕೆ ಗಡ್ಡೆ ಕುಗ್ಗಿ, ಬಿರುಕುಗಳಿಂದ ನೀರು ಮೇಲಕ್ಕೆ ಉಕ್ಕಿ, ಹಿಮದೊಡನೆ ಕಲಸಿ ಅಂಬಲಿಯಂತಾಗುತ್ತದೆ. ಅದು ಮತ್ತೆ ಹೆಪ್ಪುಗಟ್ಟಿದರೆ ಬೆಳ್ಳನೆಯ ಗಡ್ಡೆ. ನೋಡಲು ಬಲು ಚೆಂದ. ತಾಕತ್ತಿನಲ್ಲಿ ಮಾತ್ರ ಗಾಜಿನಂಥ ಪಾರದರ್ಶಕ ಗಡ್ಡೆಯ ಅರ್ಧದಷ್ಟು. ಹಿಮ ಬಿದ್ದ ರಾತ್ರಿ ಊರಿಗೆಲ್ಲ ಸಂಭ್ರಮವಾದರೆ ನಮ್ಮ ಐದು ಜನರಿಗೆ ಸಲಿಕೆ ಹುಡುಕುವ ಗಡಿಬಿಡಿ.

ತಪ್ಪು ನಿಮ್ಮ ಒಬ್ಬರದೇ ಅಲ್ಲ, ಒಪ್ಪುತ್ತೇನೆ. ‘ಮಂಜು’ ಎಂದರೆ ನಮಗೆ ಬೆಳಗಿನ ಇಬ್ಬನಿಯೂ ಹೌದು, ರಸ್ತೆ ಮುಚ್ಚುವ ಕಾವಳವೂ ಹೌದು, ಪರ್ವತದ ಮೇಲಿನ ಬಿಳುಪೂ ಹೌದು. ಆದರೆ ಅದೇ ಭಾಷೆ ‘ಹೆಪ್ಪು’ ಎಂಬ ಕರಾರುವಾಕ್ಕಾದ ಪದವನ್ನೂ ಕೊಟ್ಟಿದೆಯಲ್ಲ! ಹೆಪ್ಪು ಹಾಕಿದವರಿಗೆ ಗೊತ್ತು: ಹಾಲು ಎಷ್ಟು ಬಿಸಿ ಇರಬೇಕು, ಎಷ್ಟು ಹೊತ್ತು ಅಲುಗಾಡಿಸದೆ ಇಡಬೇಕು ಎಂಬುದಕ್ಕೆಲ್ಲ ಲೆಕ್ಕವಿದೆ. ನಮ್ಮ ಕೆಲಸವೂ ಅಷ್ಟೇ ನಾಜೂಕಿನದು.

ಮೊದಲು ನೆಲ ತಣ್ಣಗಾಗಬೇಕು. ಸೊನ್ನೆಗಿಂತ ಕೆಳಗೆ ನಾಲ್ಕಾರು ದಿನ ನಿಲ್ಲದೆ ಚಳಿ ಹಿಡಿದರೆ ಹುಲ್ಲಿನ ಮೇಲಿನ ತೆಳು ಹಿಮವನ್ನು ತುಳಿದು, ರುಬ್ಬಿದ ಹಿಟ್ಟನ್ನು ತಟ್ಟಿದ ಹಾಗೆ ಗಟ್ಟಿ ಮಾಡುತ್ತೇವೆ. (ಅಡಿಪಾಯದ ಈ ಒಂದು ಪದರದಲ್ಲಿ ಮಾತ್ರ ಹಿಮ ನಮ್ಮ ಕಡೆಗಿದೆ.) ಅದರ ಮೇಲೆ ನೀರು ಸಿಂಪಡಿಸಿ, ತೂತುಗಳು ಮುಚ್ಚುವ ತನಕ ಕಾಯುವುದು. ಆಮೇಲೆ ಅಂಗಳ ಸಾರಿಸಿದಂತೆ ಒಂದು ತೆಳು ಪದರ, ಅದು ಗಟ್ಟಿಯಾದ ಮೇಲೆ ಇನ್ನೊಂದು. ಅವಸರದವರು ಒಂದೇ ಸಲಕ್ಕೆ ಕೆರೆ ತುಂಬಿಸಲು ಹೋಗುತ್ತಾರೆ. ಮೇಲ್ಭಾಗ ಹೆಪ್ಪುಗಟ್ಟಿ, ಒಳಗಿನ ನೀರು ನೆಲಕ್ಕೆ ಇಂಗಿ, ನಡುವೆ ಟೊಳ್ಳು ಉಳಿಯುತ್ತದೆ. ಮರುದಿನ ಅದರ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ನನ್ನ ಮೊದಲ ವರ್ಷ ಆದದ್ದು ಇದೇ. ನಮ್ಮ ಹಿರಿಯರು ಬೈಯಲಿಲ್ಲ. ಒಡೆದ ಚೂರೊಂದನ್ನು ಎತ್ತಿ ನನ್ನ ಕೈಗೆ ಕೊಟ್ಟು ಮನೆಗೆ ಹೋದರು.

ಚಳಿ ಹೆಚ್ಚಿದಷ್ಟೂ ಒಳ್ಳೆಯದು ಎಂಬುದೂ ಸುಳ್ಳು. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ, ಗಾಳಿ ಇಲ್ಲದ ರಾತ್ರಿ ನಮಗೆ ಹಬ್ಬ. ಇಪ್ಪತ್ತೈದು ಡಿಗ್ರಿ ಕೆಳಗೆ ಹೋಯಿತೋ, ಸುರಿದ ನೀರು ಸಮವಾಗಿ ಹರಡುವ ಮುಂಚೆಯೇ ಅಲೆಅಲೆಯಾಗಿ ನಿಂತುಬಿಡುತ್ತದೆ, ಹಳೆಯ ಗಡ್ಡೆ ಕುಗ್ಗಿ ಪಟಪಟ ಬಿರುಕು ಬಿಡುತ್ತದೆ. ಕೆಲಸ ಮುಗಿದ ಕೂಡಲೇ ಹೋಸ್‌ನೊಳಗಿನ ನೀರನ್ನು ಪೂರ್ತಿ ಬಸಿಯಬೇಕು. ಒಮ್ಮೆ ಮರೆತೆವು, ಮೂವತ್ತು ಮೀಟರ್ ಉದ್ದದ ಕೊಳವೆ ಮರದ ದಿಮ್ಮಿಯಾಗಿ, ಅದನ್ನು ಮಡಚಲಾಗದೆ ಇಬ್ಬರು ಹೆಗಲ ಮೇಲೆ ಹೊತ್ತುಕೊಂಡು ಬಸ್ ಚಾಲಕರ ಗ್ಯಾರೇಜಿಗೆ ಸಾಗಿಸಿದೆವು. ಒಂದು ಒಣ ಎಲೆ ಬಿದ್ದರೂ ಹೆಕ್ಕಬೇಕು. ಕಪ್ಪು ಎಲೆ ಬಿಸಿಲನ್ನು ಹೀರಿಕೊಂಡು ತನ್ನ ಆಕಾರಕ್ಕೇ ಕುಳಿ ಕೊರೆದುಕೊಂಡು ಇಳಿಯುತ್ತದೆ. ಆ ಕುಳಿಗೆ ಮಗುವಿನ ಅಲಗು ಸಿಕ್ಕಿದರೆ ಹಲ್ಲು ಹೋಗುತ್ತದೆ.

ಕಾಲುವೆಯ ವಿಚಾರಕ್ಕೆ ಬರುತ್ತೇನೆ. ಅದನ್ನು 1826ರಿಂದ 1832ರವರೆಗೆ ತೋಡಿದ್ದು ಸೈನ್ಯದ ದೋಣಿಗಳಿಗಾಗಿ. ಅದರ ಮೇಲೆ ಸ್ಕೇಟಿಂಗ್ ದಾರಿಯನ್ನು ಅಧಿಕೃತವಾಗಿ ತೆರೆದದ್ದು 1971ರ ಜನವರಿಯಲ್ಲಿ, ರಾಷ್ಟ್ರ ರಾಜಧಾನಿ ಆಯೋಗದ ಅಧ್ಯಕ್ಷರಾಗಿದ್ದ ಡಗ್ಲಸ್ ಫುಲ್ಲರ್ಟನ್ ಅವರ ಉಮೇದಿನಿಂದ. ಆಗ ಕೆಲಸಗಾರರ ಕೈಯಲ್ಲಿದ್ದದ್ದು ಪೊರಕೆ, ಸಲಿಕೆ. ಇಂದು ಆ ದಾರಿ 7.8 ಕಿಲೋಮೀಟರ್ ಉದ್ದವಿದೆ, ಪ್ರವೇಶ ಉಚಿತ. ಶರತ್ಕಾಲದಲ್ಲೇ ಕಾಲುವೆಯ ನೀರಿನ ಮಟ್ಟವನ್ನು ಇಳಿಸುತ್ತಾರೆ. ಗಡ್ಡೆ ಕಟ್ಟಿದ ಮೇಲೆ ಹಿಮ ಗುಡಿಸಿ, ಗಡ್ಡೆಯಲ್ಲಿ ತೂತು ಕೊರೆದು, ಕೆಳಗಿನ ನೀರನ್ನೇ ಪಂಪಿನಿಂದ ಎತ್ತಿ ಮೇಲೆ ಹರಿಸುತ್ತಾರೆ. ಇದೆಲ್ಲ ನಡೆಯುವುದು ಹೆಚ್ಚಾಗಿ ನಿಮ್ಮ ಛಾಯಾಗ್ರಾಹಕರು ಮಲಗಿರುವ ಹೊತ್ತಿನಲ್ಲಿ. ದಪ್ಪ ಕನಿಷ್ಠ 30 ಸೆಂಟಿಮೀಟರ್ ಆಗದೆ ಸಾರ್ವಜನಿಕರನ್ನು ಇಳಿಸುವುದಿಲ್ಲ. ಇಷ್ಟು ಮಾಡಿಯೂ 2022–23ರ ಚಳಿಗಾಲದಲ್ಲಿ ಒಂದು ದಿನವೂ ದಾರಿ ತೆರೆಯಲಾಗಲಿಲ್ಲ. 1971ರ ನಂತರ ಹಾಗಾದದ್ದು ಅದೇ ಮೊದಲು. ಮರುವರ್ಷ ತೆರೆದರೂ ಕೆಲವೇ ದಿನಗಳ ಭಾಗ್ಯ. ಆ ವರ್ಷ ನಮ್ಮ ಉದ್ಯಾನದಲ್ಲೂ ನೀರು ಸುರಿದದ್ದೇ ಬಂತು, ಹಾಯಿಸಿದ ಪದರ ವಾರ ನಿಲ್ಲಲಿಲ್ಲ. ‘ತಾನಾಗಿಯೇ’ ಎಂಬ ಪದ ನನ್ನನ್ನು ಏಕೆ ಚುಚ್ಚಿತು ಎಂಬುದು ಈಗ ತಿಳಿದಿರಬಹುದು.

ಪದದ ಜಗಳ ಎಂದು ತಳ್ಳಿಹಾಕಬೇಡಿ, ಇನ್ನೊಂದು ಸಂಗತಿಯೂ ಇದೆ. ಕ್ರಿಸ್‌ಮಸ್ ರಜೆಗೆಂದು ನನ್ನ ಹೆಂಡತಿಯ ಅಕ್ಕನ ಮಗ ನಮ್ಮ ಮನೆಗೆ ಬಂದಿದ್ದ. ಮೊಬೈಲ್‌ನಲ್ಲಿ ನಿಮ್ಮ ಪುರವಣಿಯ ಆ ಪುಟವನ್ನು ಉಳಿಸಿಕೊಂಡೇ ಬಂದಿದ್ದ. ಕಾಲುವೆಯ ದಂಡೆಗೆ ಕರೆದುಕೊಂಡು ಹೋದೆ. ಕೆಂಪು ಬಾವುಟ ಹಾರುತ್ತಿತ್ತು, ಮೆಟ್ಟಿಲಿಗೆ ಅಡ್ಡಗಟ್ಟೆ ಇತ್ತು, ಕಾಲುವೆ ಮಾತ್ರ ದಡದಿಂದ ದಡಕ್ಕೆ ಬೆಳ್ಳಗಿತ್ತು. ನಾನು ಕೈಗವಸು ಹುಡುಕುವಷ್ಟರಲ್ಲಿ ಅವನು ಅಡ್ಡಗಟ್ಟೆ ದಾಟಿ ಒಂದು ಕಾಲು ಇಳಿಸಿಯೇಬಿಟ್ಟ. ಮೊಣಕಾಲಿನವರೆಗೆ ಒಳಗೆ ಹೋಯಿತು. ಕೋಟಿನ ಕಾಲರ್ ನನ್ನ ಕೈಗೆ ಸಿಕ್ಕಿದ್ದು ಅದೃಷ್ಟ. ಮೇಲೆ ಬಂದವನು ನಡುಗುತ್ತಾ ಹೇಳಿದ್ದು, ‘ಎಲ್ಲ ಹಿಮ ಆಗಿತ್ತಲ್ಲ ಚಿಕ್ಕಪ್ಪ, ಪೇಪರಿನಲ್ಲಿ ಹಾಗೇ ಹಾಕಿದ್ದರು.’ ಹೌದು, ಎಲ್ಲ ಹಿಮವೇ ಆಗಿತ್ತು! ಅವನ ತಾಯಿಗೆ ಈ ವಿಷಯ ಇನ್ನೂ ಹೇಳಿಲ್ಲ, ಆದ್ದರಿಂದ ಪತ್ರದ ಕೆಳಗೆ ನನ್ನ ಹೆಸರು ಹಾಕಬೇಡಿ.

ಅದೇ ಪುಟದ ಚೌಕದಲ್ಲಿ, ಸ್ಕೇಟರ್‌ನ ಭಾರಕ್ಕೆ ಮಂಜುಗಡ್ಡೆ ಕರಗುವುದರಿಂದ ಅಲಗು ಜಾರುತ್ತದೆ ಎಂದೂ ಬರೆದಿದ್ದಿರಿ. ಇದು ಹಳೆಯ ಪಠ್ಯಪುಸ್ತಕದ ಮಾತು. ಮನುಷ್ಯನ ಭಾರದ ಒತ್ತಡ ಕರಗುವ ಬಿಂದುವನ್ನು ಇಳಿಸುವುದು ಬಹಳ ಸ್ವಲ್ಪ. ಹದಿನೈದು ಡಿಗ್ರಿ ಕೆಳಗಿನ ಚಳಿಯಲ್ಲಿ ನಾವು ಜಾರುವುದಕ್ಕೆ ಅದು ಸಾಲದು. ಮಂಜುಗಡ್ಡೆಯ ಮೈಮೇಲೆ ನೀರಿನಂಥ ಅತಿ ತೆಳು ಪದರ ಇದ್ದೇ ಇರುತ್ತದೆ ಎಂದು ಮೈಕೆಲ್ ಫ್ಯಾರಡೆ 1850ರಲ್ಲೇ ಸೂಚಿಸಿದ್ದ. ಅಲಗಿನ ಉಜ್ಜುವಿಕೆಯ ಬಿಸಿಯೂ ಅದಕ್ಕೆ ಸೇರುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ನೀವು ಅಚ್ಚು ಹಾಕಿದ ಚಿತ್ರದ ಬಲ ಅಂಚಿನಲ್ಲಿ ಹಿಮ ಗುಡಿಸುವ ವಾಹನವೊಂದರ ಮೂತಿ ಕಾಣುತ್ತದೆ. ಉಳಿದ ಭಾಗವನ್ನು ಕತ್ತರಿಸಿದ್ದೀರಿ. ಪೂರ್ತಿ ಚಿತ್ರ ನಿಮ್ಮ ಬಳಿ ಇದ್ದರೆ ತಿದ್ದುಪಡಿಯ ಜೊತೆ ಅದನ್ನೇ ಹಾಕಿ. ಚಾಲಕನ ಮುಖ ಕಂಡರೂ ಕಾಣಬಹುದು.

ಇತಿ,
ನಿಮ್ಮ ಓದುಗ,
ಒಟ್ಟಾವಾ